ಗೆದ್ದಲು ತಿಂದುಳಿದ ಇಂಗ್ಲಿಷ್

ನನಗೆ ಗೊತ್ತಿರುವ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳೆಲ್ಲ ‘ಇ’ ಅಕ್ಷರದಿಂದ ಆಚೆಗಿನವು. ಎ, ಬಿ, ಸಿ, ಡಿಗಳಲ್ಲಿ ನಾನು ಇವತ್ತಿಗೂ ಬಡವಿ. ಆ್ಯಪಲ್, ಬುಕ್ಕು, ಕ್ಯಾಟು, ಡಾಗು ಅಂತ ಹೇಗೋ ಸಂಸಾರ ತೂಗಿಸುತ್ತೇನೆ. ‘ಇ’ ಶುರುವಾದ ಮೇಲೆ ಮಾತ್ರ ನನ್ನ ತಂಟೆಗೆ ಬರಬೇಡಿ. ಎಫಲ್ಜೆಂಟ್, ಗ್ರಿಗೇರಿಯಸ್, ಲೊಕ್ವೇಷಸ್, ರಿಕ್ಯಾಲ್ಸಿಟ್ರೆಂಟ್, ಯಾವುದು ಬೇಕು ಕೇಳಿ. ಇದಕ್ಕೆಲ್ಲ ಕಾರಣ ಗೆದ್ದಲು.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ಅಪ್ಪ ಬಿಟ್ಟಂಗಾಲದ ಆಚೆಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಕತೆ ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಕೂಗಿ, ಯಾವ ತೋಟದಲ್ಲಿ ಏನು ಕೆಲಸ ನಡೆಯಿತು, ಎಷ್ಟು ಮಳೆ ಬಿತ್ತು ಎಂದೆಲ್ಲ ತೋಟದ ಯಜಮಾನರಿಗೆ, ಅಂದರೆ ದೊರೆಗೆ, ಇಂಗ್ಲಿಷಿನಲ್ಲಿ ವರದಿ ಬರೆಯುವವರು. ನಮ್ಮ ದೊರೆ ಬಿಳಿಯರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ತೋಟ ಬಿಟ್ಟು ಹೋಗಲು ಮನಸ್ಸಿಲ್ಲದೆ ಉಳಿದುಕೊಂಡಿದ್ದವರು. ಅವರ ಹೆಂಡತಿ, ನಾವು ದೊರೆಸಾನಿ ಅನ್ನುತ್ತಿದ್ದವರು, ದೊರೆಗಿಂತ ಎರಡು ವರ್ಷ ಮೊದಲೇ ಇಂಗ್ಲೆಂಡಿಗೆ ಹೊರಟರು. ಹೋಗುವ ಮುಂಚೆ ಬಂಗಲೆಯ ಉಗ್ರಾಣ ಖಾಲಿ ಮಾಡಿಸಿದಾಗ ಒಂದು ದಪ್ಪ ಡಿಕ್ಷನರಿ ಹೊರಗೆ ಬಿತ್ತು. ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿ, ಹಸುಗೂಸನ್ನು ತರುವ ಹಾಗೆ ಎದೆಗೆ ಒತ್ತಿಕೊಂಡು ಕ್ವಾರ್ಟರ್ಸಿಗೆ ತಂದರು. ಬಿಚ್ಚಿ ನೋಡಿದರೆ ಎ ಯಿಂದ ಡಿ ವರೆಗೆ ಬರೀ ಮಣ್ಣು! ಗೆದ್ದಲು ಅಷ್ಟನ್ನೂ ಅಚ್ಚುಕಟ್ಟಾಗಿ ಮುಗಿಸಿ, ಉಳಿದದ್ದನ್ನು ನಮಗೆ ಬಿಟ್ಟಿತ್ತು.

ನಾನಾಗ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಹದಿನೆಂಟು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು. ಅಪ್ಪ ಒಂದು ಕಾನೂನು ಮಾಡಿದರು. ದಿನಕ್ಕೊಂದು ಹೊಸ ಪದ. ಯಾರೂ ಬಳಸದ ಪದವೇ ಆಗಬೇಕು. ಸಂಜೆ ದೀಪ ಹಚ್ಚುವುದರೊಳಗೆ ಅದನ್ನು ಮೂರು ಸಲ ನಿಜವಾದ ಸಂದರ್ಭದಲ್ಲಿ ಆಡಿರಬೇಕು. ಆಡದಿದ್ದರೆ ಮಾರನೆಯ ದಿನ ದನದ ಹಟ್ಟಿ ತೊಳೆಯುವ ಕೆಲಸ ನನ್ನದು. ಆಡಿದರೆ ಅಪ್ಪನದು. ನಾನು ಹಟ್ಟಿ ತೊಳೆದದ್ದು ಬಹಳ ಕಡಿಮೆ.

ಅವ್ವನಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಆದರೆ ಈ ಆಟದಲ್ಲಿ ನಮ್ಮಿಬ್ಬರಿಗಿಂತ ಅವಳೇ ಮುಂದೆ. ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಅನ್ನುತ್ತೇವೆ. ಬೆಳಿಗ್ಗೆ ಎದ್ದ ಕೂಡಲೇ, “ಏ ಗೂಡೆ, ಇಂದ್ ಎಂಥ ಪದ?” ಅಂತ ಕೇಳಿಕೊಂಡು, ಅರ್ಥ ತಿಳಿದುಕೊಂಡು, ಒಲೆಯ ಮುಂದೆ ಕೂರುವಳು. ಹಾಲು ಕೊಡದೆ ಒದೆಯುವ ನಮ್ಮ ಕಂದು ಹಸುವಿಗೆ ರಿಕ್ಯಾಲ್ಸಿಟ್ರೆಂಟ್ ಎಂದು ನಾಮಕರಣ ಮಾಡಿದ್ದು ಅವಳೇ. ಹಂದಿ ಮಾಂಸ ಬೆಂದ ದಿನ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ಸುಕ್ಯುಲೆಂಟ್” ಎಂದಳು. ಆ ಪದಕ್ಕೆ ಅಷ್ಟು ಸರಿಯಾದ ಸಂದರ್ಭವನ್ನು ನಾನು ಇಂದಿನವರೆಗೂ ಕಂಡಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಅಪ್ಪ ತಮ್ಮ ಪಾಲಿನ ಪದಗಳನ್ನು ದೊರೆಯ ವರದಿಯಲ್ಲಿ ಖರ್ಚು ಮಾಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಆಳುಗಳು ತೂಕಡಿಸುತ್ತಾರೆ ಎನ್ನುವುದನ್ನು ‘ಸಾಮ್ನೊಲೆಂಟ್’ ಎಂದೂ, ಜಗಳ ತೆಗೆಯುವ ಮೇಸ್ತ್ರಿಯನ್ನು ‘ಆಬ್‌ಸ್ಟ್ರೆಪರಸ್’ ಎಂದೂ ಬರೆದರು. ವರದಿ ವಾಪಸು ಬಂದಾಗ ಆ ಪದಗಳ ಕೆಳಗೆ ದೊರೆ ಪೆನ್ಸಿಲಿನಲ್ಲಿ ಗೆರೆ ಎಳೆದಿರುತ್ತಿದ್ದರು. ಅಪ್ಪ ಹಿಗ್ಗಿ ಹೀರೇಕಾಯಿಯಾಗಿ ಅದನ್ನು ನಮಗೆ ತೋರಿಸುವರು. “ನೋಡು, ಮೆಚ್ಚಿದ್ದಾರೆ. ಇಪ್ಪತ್ತು ವರ್ಷದಲ್ಲಿ ನನ್ನ ವರದಿಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ.” ನಾನೂ ನಂಬಿದೆ.

ಇಷ್ಟೆಲ್ಲ ಪದ ತಲೆಯಲ್ಲಿ ತುಂಬಿಕೊಂಡವಳು ಸುಮ್ಮನಿರುವುದು ಹೇಗೆ? ಕಾಫಿ ಹಣ್ಣು ತೊಳೆದು ಸಿಪ್ಪೆ ಬಿಡಿಸುವ ಮಿಷನ್ನನ್ನು ಹೊಸ ಕಟ್ಟಡಕ್ಕೆ ಸಾಗಿಸಿದ ಮೇಲೆ ಹಳೇ ಪಲ್ಪರ್ ಶೆಡ್ಡು ಖಾಲಿ ಬಿದ್ದಿತ್ತು. ಕೆಲಸದವರು ಇರುವ ಲೈನಿನ ಮಕ್ಕಳು ಅಲ್ಲೇ ಗೋಲಿ ಆಡುತ್ತಿದ್ದರು. ಒಂದು ದಿನ ನಾನು ಹೋಗಿ ಗೋಡೆಯ ಮೇಲೆ ಇದ್ದಿಲಿನಿಂದ ಅ ಆ ಇ ಈ ಬರೆದೆ. ಮಾರನೆಯ ದಿನ ಆರು ಮಕ್ಕಳು, ತಿಂಗಳು ಕಳೆಯುವುದರಲ್ಲಿ ಇಪ್ಪತ್ತು. ಊರಿನ ಶಾಲೆಗೆ ಹೋಗಬೇಕೆಂದರೆ ಹೊಳೆ ದಾಟಬೇಕು. ಮಳೆಗಾಲದಲ್ಲಿ ಅದು ಆಗದ ಮಾತು. ಹಾಗಾಗಿ ಆ ಶೆಡ್ಡೇ ಅವರ ಸ್ಕೂಲು. ಮಕ್ಕಳು ನನ್ನನ್ನು ಅಕ್ಕಾ ಎನ್ನುತ್ತಿದ್ದರು. ದೊಡ್ಡವರು ‘ರೈಟರ ಮಗಳ ಆಟ’ ಎನ್ನುತ್ತಿದ್ದರು. ಹಾಗಂದಾಗ ನನಗೆ ಮೈ ಉರಿಯುತ್ತಿತ್ತು.

ಆಟ ಅನ್ನದೇ ಇದ್ದವಳು ಒಬ್ಬಳು. ಹುಣಸೂರು ಕಡೆಯಿಂದ ಪಿಕ್ಕಿಂಗಿಗೆ ಬಂದು ಲೈನಿನಲ್ಲೇ ನಿಂತುಬಿಟ್ಟ ಹೆಂಗಸು. ಕಾಫಿ ಹಣ್ಣು ಕೊಯ್ಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಮಾತಿನಲ್ಲೂ ಅಷ್ಟೆ. ಅವಳ ಇಬ್ಬರು ಹೆಣ್ಣುಮಕ್ಕಳು ನನ್ನ ಶೆಡ್ಡಿಗೆ ಬರುತ್ತಿದ್ದರು. “ನಾನ್ ಹೆಬ್ಬೆಟ್ಟು ಒತ್ತಿದ್ದು ಸಾಕು ಅಮ್ಮಣ್ಣಿ. ಇವು ಒತ್ತಬಾರ್ದು. ಹೊಡುದ್ರೂ ಸೈ, ಕಲಿಸಿ” ಎಂದು ಮೊದಲ ದಿನವೇ ಅಪ್ಪಣೆ ಕೊಟ್ಟು ಹೋಗಿದ್ದಳು.

ದೊರೆ ಕೊನೆಗೂ ತೋಟ ಮಾರಿ ಊರಿಗೆ ಹೋಗುವುದು ಖಾಯಂ ಆದ ವಾರ, ಅವಳು ಬುಟ್ಟಿ ಸೊಂಟದಲ್ಲಿಟ್ಟುಕೊಂಡೇ ನಮ್ಮ ಜಗಲಿಗೆ ಓಡಿ ಬಂದಳು.

“ರೈಟ್ರಯ್ಯಾ, ಹೊಸಾ ದೊರೆ ಕಡೇರು ಬಂದು ನಮ್ ಶೆಡ್ಡು ಅಳ್ಕಂಡೋದ್ರು. ತಗಡೆಲ್ಲ ಬಿಚ್ಕಂಡು ಜೀಪಿಗೆ ಮನೆ ಕಟ್ಟುಸ್ತಾರಂತೆ. ಮಕ್ಳು ಎಲ್ಲಿಗೋಗ್ಬೇಕು?”

ನಾನು ಧಡಕ್ಕನೆ ಎದ್ದು ನಿಂತೆ. ಅಪ್ಪ ಮಾತ್ರ ಗಾಬರಿಯಾಗಲಿಲ್ಲ. “ಬಿನ್ನವತ್ತಳೆಯಲ್ಲಿ ಹಾಕುವ” ಎಂದರು.

ನಮ್ಮ ಎಸ್ಟೇಟಿನಲ್ಲಿ ಒಂದು ಪದ್ಧತಿ ಇತ್ತು. ದೊರೆ ಬಿಟ್ಟು ಹೋಗುವಾಗ ಕಾಫಿ ಒಣಗಿಸುವ ಕಣದಲ್ಲಿ ಎಲ್ಲರೂ ಸೇರಿ, ಗಾಜು ಹಾಕಿಸಿದ ಬಿನ್ನವತ್ತಳೆಯನ್ನು ಇಂಗ್ಲಿಷಿನಲ್ಲಿ ಓದಿ ಕೊಡುವುದು. ಮೊದಲು ಗುಣಗಾನ, ಆಮೇಲೆ ಹಾರೈಕೆ, ಕಟ್ಟಕಡೆಗೆ ಒಂದೇ ಒಂದು ಕೋರಿಕೆ. ಆ ಕೋರಿಕೆಗೆ ದೊರೆ ಎಲ್ಲರೆದುರು ಎದ್ದು ನಿಂತು ಹೂಂ ಅನ್ನಬೇಕು, ಇಲ್ಲ ಅನ್ನುವ ಹಾಗಿಲ್ಲ. ಇವರಿಗಿಂತ ಹಿಂದಿನ ದೊರೆ ಹೋಗುವಾಗ ಲೈನಿನವರಿಗೆ ಬಾವಿ ಸಿಕ್ಕಿದ್ದೇ ಹೀಗೆ. ತೋಟ ಕೈ ಬದಲಾಗುವ ಕಾಗದಕ್ಕೆ ಇನ್ನೂ ರುಜು ಬಿದ್ದಿರಲಿಲ್ಲ. ಹಳೇ ದೊರೆ ಒಂದು ಮಾತು ಹೇಳಿದರೆ ಹೊಸಬರು ತಳ್ಳಿಹಾಕಲಾರರು ಎನ್ನುವುದು ಅಪ್ಪನ ಲೆಕ್ಕಾಚಾರ.

“ಬರೆಯೋದು ನಾನೇ” ಎಂದೆ. ಎರಡು ವರ್ಷ ಕೂಡಿಟ್ಟ ಪದಗಳಿಗೆ ಇನ್ನೆಲ್ಲಿ ಇಂಥ ಸುಗ್ಗಿ ಸಿಗುತ್ತದೆ!

ಐದು ದಿನ ಜಗಲಿಯಲ್ಲಿ ಕೂತು ಬರೆದೆ. ಜರಡಿ ಹಿಡಿಯುವ ಮಾತೇ ಇಲ್ಲ, ಮೂಟೆ ಬಿಚ್ಚಿ ಸುರಿದೆ. ದೊರೆಯ ದೊಡ್ಡ ಮನಸ್ಸಿಗೆ ‘ಮ್ಯಾಗ್ನಾನಿಮಸ್’, ಅವರ ಕಾಲದ ಹವೆಗೆ ‘ಸಲ್ಯೂಬ್ರಿಯಸ್’, ನಮ್ಮ ದುಃಖಕ್ಕೆ ‘ಲ್ಯಾಕ್ರಿಮೋಸ್’. ಕೊನೆಯ ಕೋರಿಕೆಯನ್ನು ಮಾತ್ರ ಅಪ್ಪ ತಾವೇ ಒಂದು ಚೂರು ಕಾಗದದಲ್ಲಿ ಬರೆದುಕೊಟ್ಟಿದ್ದರು. ‘ಶೆಡ್ಡನ್ನು ಮಕ್ಕಳ ಸ್ಕೂಲಿಗೆ ದಯವಿಟ್ಟು ಬಿಟ್ಟುಕೊಡಿ’ ಎಂದು, ಸಾದಾ ಇಂಗ್ಲಿಷಿನಲ್ಲಿ. ನನಗೆ ಅದನ್ನು ನೋಡಿ ರೇಗಿತು.

“ಇದೇನಪ್ಪ, ಅಂಗಡಿಯಿಂದ ಉಪ್ಪು ಬೆಲ್ಲ ತರಿಸೋ ಚೀಟಿ ಇದ್ದ ಹಾಗಿದೆ! ಗಾಜಿನೊಳಗೆ ಹಾಕಿ ಲಂಡನ್ನಿಗೆ ತಗೊಂಡು ಹೋಗೋ ಕಾಗದ ಇದು.”

ಅಪ್ಪ ಒಂದು ಕ್ಷಣ ಅನುಮಾನಿಸಿದರು. ಆದರೆ ಆ ಅಮಲು ಅವರಿಗೂ ಏರಿತ್ತು. ಶೆಡ್ಡು ಹೋಗಿ ‘ಮಾಡೆಸ್ಟ್ ಎಡಿಫಿಸ್’ ಆಯಿತು. ಮಕ್ಕಳ ಓದು ‘ನೇಸೆಂಟ್ ಲ್ಯೂಕ್ಯುಬ್ರೇಷನ್ಸ್’ ಆಯಿತು. ಹಾಗೇ ಉಳಿಯಲಿ ಎನ್ನುವುದು ‘ಪೆರೆನಿಯಲಿ ಎಫಲ್ಜೆಂಟ್’ ಆಗಿ ಬೆಳಗಲಿ ಎಂದಾಯಿತು. ಓದಿ ಓದಿ ನನಗೇ ರೋಮಾಂಚನವಾಯಿತು. ಅಪ್ಪ ಕಪ್ಪು ಶಾಯಿಯಲ್ಲಿ, ಮುತ್ತು ಪೋಣಿಸಿದ ಹಾಗೆ, ಎಲ್ಲವನ್ನೂ ಡ್ರಾಯಿಂಗ್ ಹಾಳೆಗೆ ಇಳಿಸಿದರು.

ಬೀಳ್ಕೊಡುಗೆಯ ದಿನ ಮಧ್ಯಾಹ್ನ ಕಣದ ತುಂಬ ಜನ. ವಾಲಗದವರು ಬಂದಿದ್ದರು. ಅಕ್ಕಪಕ್ಕದ ತೋಟದವರು ಟೋಪಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಅವ್ವನ ರೇಷ್ಮೆ ಸೀರೆ ಉಟ್ಟು, ಎಲ್ಲರೆದುರು ನಿಂತು ಓದಿದೆ. ಒಂದು ಕಡೆಯೂ ನಾಲಿಗೆ ತೊಡರಲಿಲ್ಲ. ಓದಿ ಮುಗಿಸಿದಾಗ ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ವಾಲಗದವರು ಕಾರ್ಯಕ್ರಮ ಮುಗಿಯಿತೆಂದು ತಿಳಿದು ಬಾರಿಸಲು ಶುರು ಮಾಡಿಬಿಟ್ಟರು. ದೊರೆ ಎದ್ದರು. ಕಣ್ಣು ಒದ್ದೆಯಾಗಿತ್ತು. ಇಷ್ಟು ಘನವಾದ ಮಾತನ್ನು ತಾನು ಯಾರಿಂದಲೂ ಕೇಳಿಲ್ಲ, ತನ್ನ ಮನೆಯನ್ನು ತಾನೂ ಎಂದೂ ಮರೆಯಲಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಗಾಜಿನ ಚೌಕಟ್ಟನ್ನು ಎದೆಗಪ್ಪಿ ಕೂತರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಜನ ಚದುರುವಾಗ ಆ ಹೆಂಗಸು ಬಂದು ನನ್ನ ಸೆರಗು ಹಿಡಿದಳು.

“ಅಮ್ಮಣ್ಣಿ, ನಮ್ ಮಾತು ಎಲ್ಲಿ ಬತ್ತು?”

“ಕೊನೆಗೆ ಬಂತಲ್ಲ.”

“ಎಲ್ ಬತ್ತು? ನಾನು ಕಿವಿ ಕೊಟ್ಕಂಡೇ ಕುಂತಿದ್ದೆ. ನೀವೂ ಶೆಡ್ಡು ಅನ್ನಲಿಲ್ಲ, ಸ್ಕೂಲು ಅನ್ನಲಿಲ್ಲ. ದೊರೆನೂ ಅನ್ನಲಿಲ್ಲ. ಆ ಎರಡು ಇಂಗ್ಲಿಷು ನಂಗೂ ಗೊತ್ತು.”

“ನಿನಗೇನು ಗೊತ್ತಾಗ್ತದೆ ಅದೆಲ್ಲ!” ಎಂದು ರೇಗಿ ಸೆರಗು ಕೊಸರಿಕೊಂಡೆ. ನಾಲ್ಕು ಹೆಜ್ಜೆ ಹೋಗುವುದರಲ್ಲಿ ನನ್ನ ಮುಖ ಕೆಂಡದ ಹಾಗೆ ಬಿಸಿಯಾಯಿತು. ದೊರೆ ಹೂಂ ಅಂದಿರಲಿಲ್ಲ. ಯಾವುದಕ್ಕೂ ಅಂದಿರಲಿಲ್ಲ. ಕೋರಿಕೆ ಬಂದುಹೋದದ್ದೇ ಅವರಿಗೆ ತಿಳಿದಿರಲಿಲ್ಲ. ಇಪ್ಪತ್ತು ಮಕ್ಕಳ ಸ್ಕೂಲನ್ನು ನಾನೇ ನನ್ನ ಕೈಯಾರೆ, ಚಪ್ಪಾಳೆಗೋಸ್ಕರ, ಮುಚ್ಚಿ ಹಾಕಿದ್ದೆ. ನಾಚಿಕೆಯಾಯಿತು. ಆ ಹೆಂಗಸಿನ ಮುಖ ನೋಡಲಾಗದೆ ಬೇರೆ ದಾರಿ ಹಿಡಿದು ಮನೆಗೆ ಹೋದೆ.

ಅಪ್ಪನಿಗೆ ಹೇಳಿದರೆ ಅವರು ಬಾಡಿಹೋದರು. “ಒಂದು ಸಲ ಆಯ್ತಲ್ಲ. ಬಿನ್ನವತ್ತಳೆ ಆದ ಮೇಲೆ ಮತ್ತೆ ಹೋಗಿ ಕೇಳೋದು ಪದ್ಧತಿ ಅಲ್ಲ” ಎಂದರು. ದೊರೆಯೆದುರು ಬಾಯಿ ಬಿಟ್ಟು ಏನನ್ನೂ ಕೇಳಿದವರಲ್ಲ ಪಾಪ, ಬರೆದೇ ಗೊತ್ತು. ನನಗೆ ಮಾತ್ರ ತಡೆಯಲಾಗಲಿಲ್ಲ. “ಪದ್ಧತಿಗೆ ಬೆಂಕಿ ಬೀಳಲಿ!” ಎಂದು ಕೂಗಿದೆ. ಅವ್ವ ಒಳಗಿನಿಂದ ಬಂದು, ಅಪ್ಪನನ್ನು ನೋಡಿ, ನನ್ನನ್ನು ನೋಡಿ, ನನ್ನ ಕಡೆಯೇ ನಿಂತಳು.

ಮಾರನೆಯ ಬೆಳಿಗ್ಗೆ ನಾನು ಮೊದಲು ಲೈನಿಗೆ ಹೋದೆ. “ತಪ್ಪಾಯ್ತು. ನಡಿ, ಕೇಳಿ ಬರುವ” ಎಂದೆ. ಅವಳು ಬುಟ್ಟಿ ಕೆಳಗಿಟ್ಟು ಹೊರಟಳು.

ಬಂಗಲೆಯ ವರಾಂಡದಲ್ಲೆಲ್ಲ ಮರದ ಪೆಟ್ಟಿಗೆಗಳು. ನಮ್ಮ ಬಿನ್ನವತ್ತಳೆಯನ್ನು ಒಂದು ಪೆಟ್ಟಿಗೆಗೆ ಒರಗಿಸಿ ಇಟ್ಟಿದ್ದರು. ದೊರೆ ಬನಿಯನ್ನಿನಲ್ಲೇ ನಿಂತು ಮೊಳೆ ಹೊಡೆಸುತ್ತಿದ್ದವರು ನಮ್ಮನ್ನು ನೋಡಿ ಶರ್ಟು ಹುಡುಕಿದರು. ಅವರಿಗೆ ಕನ್ನಡ ಬರುತ್ತಿತ್ತು. ಆದರೆ ಆಳುಗಳಿಗೆ ಕೆಲಸ ಹೇಳಿ ಹೇಳಿ ಕಲಿತದ್ದಾದ್ದರಿಂದ ಅವರ ಕನ್ನಡವೆಲ್ಲ ಬರೀ ಹುಕುಂ.

“ಬಾ! ಕೂತುಕೋ! ಹೇಳು!” ಎಂದರು, ಬಹಳ ಪ್ರೀತಿಯಿಂದ.

ನಾನು ಬಾಯಿ ತೆರೆದೆ. ಎರಡು ವರ್ಷದಲ್ಲಿ ಕಲಿತ ಒಂದೇ ಒಂದು ಪದವೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ಹೊರಬಿದ್ದದ್ದು ಇಷ್ಟೇ: “ಶೆಡ್ಡು ಬೇಕು. ಸ್ಕೂಲಿಗೆ.”

ದೊರೆ ಹುಬ್ಬೇರಿಸಿದರು. ಆಮೇಲೆ ಇಂಗ್ಲಿಷಿಗೆ ಹೊರಳಿ, ಇದನ್ನು ನಿನ್ನೆಯೇ ಏಕೆ ಕೇಳಲಿಲ್ಲ, ಕೋರಿಕೆ ಬರುತ್ತದೆಂದು ತಾನು ಕೊನೆಯವರೆಗೂ ಕಾದೆ, ಇವರಿಗೆ ತನ್ನಿಂದ ಏನೂ ಬೇಡವೇ ಎಂದು ಸ್ವಲ್ಪ ಬೇಜಾರೂ ಆಯಿತು ಎಂದರು. ನಾನು ಹೋಗಿ ಗಾಜಿನ ಮೇಲೆ ಬೆರಳಿಟ್ಟು ಆ ಸಾಲು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಪದಪದವಾಗಿ ಓದಿದರು. ಎರಡನೆಯ ಸಲ ಓದಿದರು.

“ಇದು ಶೆಡ್ಡಾ?” ಎಂದು ಇಂಗ್ಲಿಷಿನಲ್ಲೇ ಕೇಳಿದರು. “ನನ್ನ ಬಂಗಲೆಯನ್ನು ಹೊಗಳಿದ್ದೀ ಅಂತ ತಿಳಿದೆನಲ್ಲಾ! ಈ ಲ್ಯೂಕ್ಯುಬ್ರೇಷನ್ ಅಂದರೆ ಗೋಡೆಗೆ ಹೊಡೆಸಿದ ಬಣ್ಣ ಇರಬೇಕು ಅಂದುಕೊಂಡೆ.”

ಹೇಳಿ ಮುಗಿಸುವ ಮೊದಲೇ ಅವರಿಗೆ ನಗು ಬಂತು. ನಕ್ಕು ನಕ್ಕು ಕೆಮ್ಮು ಹತ್ತಿತು. ತಾನು ಹದಿನೈದಕ್ಕೇ ಶಾಲೆ ಬಿಟ್ಟು ತೋಟಕ್ಕೆ ಬಂದವನು, ನಿನ್ನ ಅಪ್ಪ ಎರಡು ವರ್ಷದಿಂದ ಬರೆಯುವ ಪದಗಳು ಅರ್ಥವಾಗದೆ ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ, ನೋಡೋಣವೆಂದರೆ ಹೆಂಡತಿ ಹೋಗುವಾಗ ಡಿಕ್ಷನರಿಯನ್ನು ಯಾರಿಗೋ ಕೊಟ್ಟುಬಿಟ್ಟಳು ಎಂದರು. ಆ ಯಾರೋ ನಾವೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಆದರೆ ನಗು ಯಾರಪ್ಪನ ಮಾತು ಕೇಳುತ್ತದೆ? ನಾನೂ ಸೆರಗು ಬಾಯಿಗೊತ್ತಿಕೊಂಡು ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಮಾತ್ರ ನಗಲಿಲ್ಲ.

“ಬುದ್ಯೋರೆ, ಶೆಡ್ಡು?” ಎಂದಳು.

ದೊರೆ ಕಣ್ಣೊರೆಸಿಕೊಂಡು ಜೇಬಿನಿಂದ ಪೆನ್ಸಿಲ್ ತೆಗೆದರು. ಒಂದು ಚೀಟಿಯಲ್ಲಿ ಒಂದೇ ಸಾಲು ಬರೆದು, ಕೆಳಗೆ ರುಜು ಹಾಕಿ, ನನಗೆ ಕೊಡದೆ ಅವಳ ಕೈಗೆ ಕೊಟ್ಟರು. ಹೊಸ ಯಜಮಾನರಿಗೆ ಬಾಯಲ್ಲೂ ಹೇಳುತ್ತೇನೆ, ಆದರೂ ಇದು ನಿಮ್ಮ ಹತ್ತಿರ ಇರಲಿ ಎಂದರು. ದಾರಿಯಲ್ಲಿ ಅವಳು ಚೀಟಿಯನ್ನು ನನ್ನ ಮುಖಕ್ಕೆ ಹಿಡಿದು, “ಏನೈತೆ? ಓದಿ” ಎಂದಳು. ಓದಿದೆ. ಇನ್ನೊಂದು ಸಲ ಎಂದಳು. ಕಾಫಿ ಗಿಡಗಳ ನಡುವೆ ಲೈನು ಮುಟ್ಟುವಷ್ಟರಲ್ಲಿ ಅದೆಷ್ಟು ಸಲ ಓದಿಸಿದಳೋ, ಕೊನೆಕೊನೆಗೆ ನಾನು ಸುಮ್ಮನಾದೆ, ಅವಳೇ ಗುನುಗಿಕೊಂಡು ಬಂದಳು.

ಹೊಸ ಯಜಮಾನರು ಬಂದ ಮೊದಲ ದಿನ ಬೆಳಿಗ್ಗೆ ಹಾಜರಿಗೆ ಎಲ್ಲರೂ ಸಾಲು ನಿಂತಿದ್ದೆವು. ಹಳೇ ದೊರೆ ಹೇಳಿರಲಿಲ್ಲವೋ ಇವರೇ ಮರೆತಿದ್ದರೋ ತಿಳಿಯದು, ಅತ್ತ ಶೆಡ್ಡಿನ ಮೇಲೆ ಒಬ್ಬ ಏಣಿ ಹಾಕಿ ಹತ್ತಿ ತಗಡಿನ ಬೋಲ್ಟು ಬಿಚ್ಚಲು ಶುರು ಮಾಡಿಯೇ ಬಿಟ್ಟಿದ್ದ. ಮಕ್ಕಳು ಸ್ಲೇಟು ಹಿಡಿದುಕೊಂಡು ಕೆಳಗೆ ನಿಂತು ನೋಡುತ್ತಿದ್ದರು. ಅಪ್ಪ ಮುಂದೆ ಹೋಗಿ, ಕೈ ಕಟ್ಟಿಕೊಂಡು, ‘ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿದರು. ಯಜಮಾನರು ವಾಚು ನೋಡಿಕೊಂಡರು. ಅಪ್ಪ ಬೆವರಿದರು, ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಹಿಡಿದರು.

ಆ ಹೆಂಗಸು ಸಾಲು ಬಿಟ್ಟು ಮುಂದೆ ಬಂದಳು. ಎಲೆಅಡಿಕೆ ಚೀಲದಿಂದ ಚೀಟಿ ತೆಗೆದು ಯಜಮಾನರ ಕೈಗಿಟ್ಟು, ಅದರ ಕಡೆ ನೋಡದೆ, ನೇರ ಅವರ ಮುಖ ನೋಡಿಕೊಂಡು ಗಟ್ಟಿಯಾಗಿ ಹೇಳಿದಳು:

“ದಿಸ್ ಶೆಡ್ ಈಸ್ ಎ ಸ್ಕೂಲ್. ಪ್ಲೀಸ್ ಕೀಪ್ ಇಟ್.”

ಯಜಮಾನರು ಚೀಟಿ ಓದಿದರು. ಅದರಲ್ಲಿ ಇದ್ದದ್ದೂ ಅಷ್ಟೇ.

“ನೀನು ಇಂಗ್ಲಿಷ್ ಓದ್ತೀಯಾ?” ಎಂದು ಆಶ್ಚರ್ಯದಿಂದ ಕೇಳಿದರು.

“ನಾನ್ ಓದೋಳಲ್ಲ ಬುದ್ಯೋರೆ, ಓದ್ಸೋಳು.”

ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಯಜಮಾನರೂ ನಕ್ಕು, ತಲೆಯೆತ್ತಿ ಶೆಡ್ಡಿನ ಕಡೆ ಕೈ ಬೀಸಿ, “ಏಯ್, ಇಳಿಯೋ ಕೆಳಗೆ!” ಎಂದು ಕೂಗಿದರು. ಮಕ್ಕಳು ಹೋ ಎಂದು ಒಳಗೆ ನುಗ್ಗಿದರು. ಅಪ್ಪ ಅಲ್ಲೇ ಹಾಜರಿ ಪುಸ್ತಕದ ಮೇಲೆ ಕೈಯೂರಿ ನಿಂತು ಉಸಿರು ಬಿಟ್ಟರು.

ನಾನು ಶೆಡ್ಡಿಗೆ ಓಡಿದೆ. ಏಣಿಯಿಂದ ಇಳಿದ ಮನುಷ್ಯ ಬಾಗಿಲಲ್ಲಿ ಕಾಯುತ್ತಿದ್ದ. ಆಗಷ್ಟೇ ಬಿಚ್ಚಿದ್ದ ಎರಡು ಬೋಲ್ಟುಗಳನ್ನು ನನ್ನ ಅಂಗೈಗೆ ಹಾಕಿ, “ಇದು ನಿಮ್ದು, ತಗೊಳ್ಳಿ ಟೀಚರೇ” ಎಂದ. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಗುರುತು ಪರಿಚಯ ಇಲ್ಲದ ಆ ಮನುಷ್ಯನೆದುರು, ಎರಡು ತುಕ್ಕು ಹಿಡಿದ ಬೋಲ್ಟು ಹಿಡಿದುಕೊಂಡು, ನಾನು ಗಳಗಳನೆ ಅತ್ತುಬಿಟ್ಟೆ.